ಕಾಮಾ ಮೇಡಂ ಕಳಿಸಿದ ಪಟ್ಟಿ

ಸಂಪಾದಕರ ಪತ್ರ ಬಂದಾಗ ಕಾಮಾ ಮೇಡಂ ಹಲ್ಲುಜ್ಜುತ್ತಿದ್ದರು. ಬಲಗೈಯಲ್ಲಿ ಬ್ರಶ್ಶು, ಎಡಗೈಯಲ್ಲಿ ಫೋನು. ಮೊದಲ ಸಾಲು ಓದಿದ್ದೇ ತಡ, ಬಾಯಲ್ಲಿದ್ದ ನೊರೆಯನ್ನೆಲ್ಲ ಗುಳಕ್ಕನೆ ನುಂಗಿಬಿಟ್ಟರು. ‘ತಮ್ಮ ಲೇಖನವು ಪ್ರಕಟಣೆಗೆ ಸ್ವೀಕೃತವಾಗಿದೆ’ ಎಂದಿತ್ತು. ಎರಡನೆಯ ಸಾಲು ಅಷ್ಟು ಸಿಹಿಯಾಗಿರಲಿಲ್ಲ. ‘ಆದರೆ ಕೊನೆಯಲ್ಲಿ ಕೊಟ್ಟ ಆಧಾರ ಬರಹಗಳ ಪಟ್ಟಿ, ಅಂದರೆ ರೆಫರೆನ್ಸುಗಳು, ನಮ್ಮ ಪತ್ರಿಕೆಯ ಶೈಲಿಯಲ್ಲಿಲ್ಲ. ಇಂದು ಸಂಜೆ ಐದರೊಳಗೆ ಸರಿಪಡಿಸಿ ಕಳಿಸಿದರೆ ಈ ವರ್ಷದ ಸಂಚಿಕೆ. ತಪ್ಪಿದರೆ ಮುಂದಿನ ವರ್ಷ. ನಿಯಮಾವಳಿ ಲಗತ್ತಿಸಿದೆ.’

ನಿಯಮಾವಳಿ ಇಪ್ಪತ್ತೆರಡು ಪುಟವಿತ್ತು.

ಬೇರೆ ಯಾರಾದರೂ ಆಗಿದ್ದರೆ ಬಚ್ಚಲ ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಮೇಡಮ್ಮಿಗೆ ಮಾತ್ರ ಮೈಯೆಲ್ಲ ಜುಮ್ಮೆಂದಿತು. ರೆಫರೆನ್ಸು ಅಂದರೆ ಏನು? ಕಾಮಾ, ಚುಕ್ಕಿ, ಆವರಣ. ಇಡೀ ಕಾಲೇಜಿನಲ್ಲಿ ಈ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರು ಯಾರಿದ್ದಾರೆ? ಹುಡುಗರು ಜ್ವರವೆಂದು ರಜಾ ಅರ್ಜಿ ತಂದರೆ ಜ್ವರ ಎಷ್ಟಿದೆ ಎಂದು ಕೇಳುವ ಮೊದಲು ಕಾಮಾ ಎಲ್ಲಿದೆ ಎಂದು ನೋಡುವವರು ಅವರು. ‘ಕಾಮಾ ಮೇಡಂ’ ಎಂಬ ಅಡ್ಡಹೆಸರು ಹುಟ್ಟಿದ್ದೇ ಹಾಗೆ. ಆ ಹೆಸರು ತಮ್ಮ ಬೆನ್ನ ಹಿಂದೆ ಓಡಾಡುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ನಟಿಸುತ್ತಿದ್ದರು. ಒಳಗೊಳಗೇ ಬೀಗುತ್ತಲೂ ಇದ್ದರು.

ಅವರು ಕಲಿಸುತ್ತಿದ್ದುದು ಸಸ್ಯಶಾಸ್ತ್ರ. ಹನ್ನೊಂದು ವರ್ಷಗಳಿಂದ ಪ್ರತಿ ಶನಿವಾರ ಕಾಲೇಜಿನ ಹಿಂದಿನ ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಡಿಕೋಲು, ಭೂತಗನ್ನಡಿ ಹಿಡಿದು ಪಾಚಿಯನ್ನು ಅಳೆದಿದ್ದರು. ಮೊದಲ ವರ್ಷ ವಾಚ್‌ಮನ್ ಮೇಡಮ್ಮಿನ ಓಲೆ ಕಳೆದುಹೋಗಿದೆಯೆಂದು ತಾನೂ ಜೊತೆಗೆ ಹುಡುಕಿದ್ದ. ಹನ್ನೊಂದು ವರ್ಷದ ಫಲ ಇಷ್ಟು: ತೊಟ್ಟಿ ಸೋರಲು ಶುರುವಾಗುವ ಎಂಟು ತಿಂಗಳ ಮೊದಲೇ ಆ ಜಾಗದ ಪಾಚಿ ಹಳದಿಗೆ ತಿರುಗುತ್ತದೆ. ಪಾಚಿ ನೋಡಿ ಬಿರುಕನ್ನು ಮುಂಚಿತವಾಗಿ ಹೇಳಬಹುದು. ಪಾಚಿಗಳಿಗೇ ಮೀಸಲಾದ ಆ ವಾರ್ಷಿಕ ಪತ್ರಿಕೆಯ ವಿದ್ವಾಂಸರು ಇದನ್ನು ಓದಿ ತಲೆದೂಗಿದ್ದರು. ಇನ್ನು ಉಳಿದದ್ದು ಕಾಮಾ ಒಂದೇ.

“ಏನೇ ಅದು, ಬಚ್ಚಲಲ್ಲಿ ನಿಂತು ಒಬ್ಬಳೇ ನಗ್ತಿದೀಯ?” ಎಂದು ಅತ್ತೆ ಹೊರಗಿನಿಂದ ಕೇಳಿದರು.

“ಅತ್ತೆ, ನನ್ನ ಲೇಖನ ಒಪ್ಪಿದಾರೆ! ರೆಫರೆನ್ಸ್ ಒಂದು ಸರಿಮಾಡಿ ಕಳಿಸಿದ್ರೆ ಮುಗೀತು.”

ಅತ್ತೆಯ ಕಿವಿ ಮೊದಲ ವಾಕ್ಯವನ್ನು ಮಾತ್ರ ಒಳಗೆ ಬಿಟ್ಟುಕೊಂಡಿತು. ಎರಡನೆಯದು ಬಾಗಿಲಲ್ಲೇ ನಿಂತಿತು. ಅವರು ಸರಸರನೆ ಗೇಟಿಗೆ ಹೋಗಿ ಎದುರುಮನೆಯ ಟೈಲರಮ್ಮನನ್ನು ಕೂಗಿದರು. “ಕೇಳಿದ್ರಾ? ನಮ್ಮ ಸೊಸೆ ಬರೆದಿದ್ದು ಅಚ್ಚಾಗ್ತಿದೆ! ದೊಡ್ಡ ದೊಡ್ಡೋರೆಲ್ಲ ಓದಿ ಭೇಷ್ ಅಂದ್ರಂತೆ!” ಮೇಡಂ ಸ್ನಾನ ಮುಗಿಸುವಷ್ಟರಲ್ಲಿ ಸುದ್ದಿ ಬೀದಿಯ ತುದಿ ಮುಟ್ಟಿತು. ಸ್ಕೂಟರ್ ತೆಗೆಯುವಷ್ಟರಲ್ಲಿ ತುದಿಯಿಂದ ತಿರುಗಿ ಬಂತು, ಸ್ವಲ್ಪ ದಪ್ಪಗಾಗಿ.

“ಮೇಡಂ, ಪಾಚಿಯಿಂದ ಔಷಧಿ ಕಂಡುಹಿಡಿದಿದೀರಂತೆ. ನನ್ನ ಮಂಡಿನೋವಿಗೆ ಆಗತ್ತಾ?” ಎಂದು ಟೈಲರಮ್ಮ ಅಡ್ಡಹಾಕಿದರು.

“ಔಷಧಿಯಲ್ಲ ಕಣ್ರೀ, ಲೇಖನ.”

“ಅದೇ, ಹಚ್ಕೊಳ್ಳೋದಾ ಕುಡಿಯೋದಾ?”

ಅತ್ತೆ ಹಿಂದಿನಿಂದ ಘೋಷಿಸಿದರು: “ಸಂಜೆ ಎಲ್ರೂ ಮನೆಗೆ ಬರ್ತಾರೆ. ಪಕ್ಕಾ ಆಯ್ತು ಅನ್ನೋ ಸುದ್ದಿ ತಗೊಂಡೇ ಬಾ. ನಿನ್ನ ಗಂಡ ರೈಲು ಡ್ಯೂಟಿ ಮೇಲೆ ಎಲ್ಲೋ ಇದಾನೆ, ಅವನಿಗೂ ಫೋನ್ ಮಾಡಿ ಹೇಳಿದೀನಿ.”

ಕಾಲೇಜಿನಲ್ಲಿ ನಂಬಬಹುದಾದ ಕಂಪ್ಯೂಟರ್ ಇದ್ದದ್ದು ಒಂದೇ, ಫಿಸಿಕ್ಸ್ ಲ್ಯಾಬಿನಲ್ಲಿ. ಅದರ ಬೀಗದ ಕೈ ಇದ್ದದ್ದು ಫಿಸಿಕ್ಸ್ ಮೇಷ್ಟ್ರ ಸೊಂಟದಲ್ಲಿ. ಮೇಷ್ಟ್ರು ಧಾರಾಳವಾಗಿ ಬಾಗಿಲು ತೆಗೆದು, ಕುರ್ಚಿಯ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಹೊಡೆದು, “ಕೂತ್ಕೊಳ್ಳಿ ಮೇಡಂ, ನಿಮ್ಮದೇ ಲ್ಯಾಬು ಅಂದ್ಕೊಳ್ಳಿ” ಎಂದರು.

ಮೇಡಂ ನಿಯಮಾವಳಿಯನ್ನು ಎಡಕ್ಕೆ ಹರವಿ, ಲೇಖನವನ್ನು ಬಲಕ್ಕಿಟ್ಟು, ಬೆರಳ ನೆಟಿಗೆ ಮುರಿದರು. ಲೇಖಕರ ಮನೆತನದ ಹೆಸರು ಮೊದಲು, ಅದರ ಬೆನ್ನಿಗೊಂದು ಕಾಮಾ. ಆಮೇಲೆ ಇನಿಷಿಯಲ್ಲು. ಇನಿಷಿಯಲ್ಲಿಗೆ ಚುಕ್ಕಿ ಕೂಡದು. ಅದರ ಬೆನ್ನಿಗೆ ಇನ್ನೊಂದು ಕಾಮಾ, ಆಮೇಲೆ ವರ್ಷ. ಪತ್ರಿಕೆಯ ಹೆಸರು ವಾಲಿಕೊಂಡಿರಬೇಕು. ಸಂಪುಟದ ಅಂಕಿ ದಪ್ಪಗಿರಬೇಕು, ಸಂಚಿಕೆಯ ಅಂಕಿ ಸಣಕಲಾಗಿರಬೇಕು. ಮನೆತನದ ಹೆಸರೇ ಇಲ್ಲದವರನ್ನು ಏನು ಮಾಡಬೇಕೆಂಬುದಕ್ಕೆ ಒಂದೂವರೆ ಪುಟ ವಿವರಣೆ, ಎರಡು ಮನೆತನದ ಹೆಸರಿರುವವರಿಗೆ ಮತ್ತೊಂದು ಪುಟ. ಉಳಿದವರಿಗೆ ತಲೆ ಸಿಡಿಯುವ ಈ ಕೆಲಸದಲ್ಲಿ ಮೇಡಮ್ಮಿನ ಬೆರಳು ವೀಣೆಯ ಮೇಲೆ ಆಡಿದಂತೆ ಆಡಿತು. ಒಟ್ಟು ಅರವತ್ತಮೂರು ರೆಫರೆನ್ಸು. ಹತ್ತೂವರೆಗೆಲ್ಲ ಇಪ್ಪತ್ತೆರಡು ಮುಗಿದಿದ್ದವು, ಒಂದೊಂದೂ ಇಸ್ತ್ರಿ ಮಾಡಿದ ಅಂಗಿಯಂತೆ.

ಹಿಂದೆ ಯಾರೋ ಉಸಿರಾಡುತ್ತಿದ್ದರು.

“ಅಬ್ಬಬ್ಬಾ, ಎಷ್ಟು ಜನ ಮೇಡಂ! ವೋಟರ್ ಲಿಸ್ಟ್ ಇದ್ದಂಗಿದೆ,” ಎಂದರು ಫಿಸಿಕ್ಸ್ ಮೇಷ್ಟ್ರು. ಪರೀಕ್ಷೆಯ ಫಲಿತಾಂಶದ ಬೋರ್ಡಿನ ಮುಂದೆ ತನ್ನ ನಂಬರು ಹುಡುಕುವ ಹುಡುಗನಂತೆ ಅವರ ಕಣ್ಣು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಿತು. “ಇದರಲ್ಲಿ ನಾನಿಲ್ವಾ?”

“ಸಾರ್, ಇದು ಪಾಚಿ ವಿಷಯ.”

“ಪಾಚಿ ಬೆಳೆಯೋದು ಎಲ್ಲಿ?”

“ಗೋಡೆ ಮೇಲೆ.”

“ಎಂಥಾ ಗೋಡೆ?”

“ಒದ್ದೆ ಗೋಡೆ.”

“ಒದ್ದೆ ಗೋಡೆ ಎಷ್ಟು ಹೊತ್ತಲ್ಲಿ ಒಣಗತ್ತೆ ಅಂತ ಲೆಕ್ಕ ಹಾಕಿ ಬರೆದೋರು ಯಾರು?” ಎಂದು ಮೇಷ್ಟ್ರು ತಮ್ಮ ಎದೆಯನ್ನು ತಾವೇ ತಟ್ಟಿಕೊಂಡರು. ಆಮೇಲೆ ಬೀಗದ ಕೈಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿದರು. “ಹನ್ನೊಂದಕ್ಕೆ ಲ್ಯಾಬ್ ಮುಚ್ಚೋದು ರೂಲ್ಸು. ನಮ್ಮ ಡಿಪಾರ್ಟ್‌ಮೆಂಟಿಗೂ ಸಂಬಂಧಪಟ್ಟ ಕೆಲಸ ಅಂದ್ರೆ ಐದರವರೆಗೂ ತೆಗೆದಿಡಬಹುದು. ನೋಡಿ, ನಿಮ್ಮಿಷ್ಟ.”

ಮೇಡಂ ಸುಳ್ಳು ರೆಫರೆನ್ಸು ಹಾಕುವವರಲ್ಲ. ಮೇಷ್ಟ್ರ ಲೇಖನವನ್ನು ತರಿಸಿ ಅಲ್ಲೇ ಓದಿದರು. ಒಂದು ಕೋಷ್ಟಕ ನಿಜಕ್ಕೂ ಉಪಯೋಗಕ್ಕೆ ಬರುವಂತಿತ್ತು. ಲೇಖನದಲ್ಲಿ ಅದಕ್ಕೊಂದು ಸಾಲು ಸೇರಿಸಿದರು. ಪಟ್ಟಿಯಲ್ಲಿ ಮೇಷ್ಟ್ರಿಗೆ ಸಿಕ್ಕಿದ್ದು ಏಳನೆಯ ಜಾಗ.

ತೊಂದರೆ ಇದ್ದದ್ದು ಅಲ್ಲೇ. ಈ ಪತ್ರಿಕೆಯಲ್ಲಿ ರೆಫರೆನ್ಸುಗಳಿಗೆ ಅಕಾರಾದಿ ಕ್ರಮವಿಲ್ಲ, ಲೇಖನದಲ್ಲಿ ಯಾರ ಮಾತು ಮೊದಲು ಬಂತೋ ಅವರಿಗೆ ಮೊದಲ ಅಂಕಿ. ಏಳನೆಯ ಸೀಟಿನಲ್ಲಿ ಒಬ್ಬರು ಬಂದು ಕೂತರೆ ಆಚೆಗಿನ ಐವತ್ತೇಳು ಜನವೂ ಒಂದೊಂದು ಸೀಟು ಸರಿಯಬೇಕು. ಲೇಖನದ ಒಳಗೆ ಎಲ್ಲೆಲ್ಲಿ ಅಂಕಿ ಇದೆಯೋ ಅಲ್ಲೆಲ್ಲ ತಿದ್ದಬೇಕು. ಹನ್ನೆರಡು ಹದಿಮೂರಾಯಿತು, ಮೂವತ್ತು ಮೂವತ್ತೊಂದಾಯಿತು. ಮೇಷ್ಟ್ರು ಪಕ್ಕದಲ್ಲೇ ನಿಂತು, “ಏಳು ಒಳ್ಳೆ ನಂಬರು ಮೇಡಂ,” ಎಂದು ಕಾಫಿ ಕುಡಿದರು.

ಅರವತ್ತನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಮೇಡಂ ಬೆನ್ನು ನೆಟ್ಟಗೆ ಮಾಡುವಾಗ ಗಂಟೆ ಹನ್ನೆರಡು. ಆಗ ಕಣ್ಣಿಗೆ ಬಿತ್ತು: ನಲವತ್ತೆರಡನೆಯದಕ್ಕೆ ಪುಟಸಂಖ್ಯೆಯೇ ಇಲ್ಲ. ನಲವತ್ತು ವರ್ಷ ಹಿಂದಿನ, ಗೋಡೆಪಾಚಿಯ ಬಣ್ಣಗಳ ಬಗೆಗಿನ ಲೇಖನ ಅದು. ಅದಿಲ್ಲದೆ ಮೇಡಮ್ಮಿನ ವಾದವೇ ನಿಲ್ಲುವುದಿಲ್ಲ. ಲೈಬ್ರರಿಗೆ ಓಡಿದರು. ಹಳೆಯ ಸಂಚಿಕೆ ಇತ್ತು, ಲೇಖನವೂ ಇತ್ತು, ಆದರೆ ಪ್ರತಿ ಪುಟದ ಮೂಲೆಯನ್ನು ಹುಳು ತಿಂದಿತ್ತು. ಹುಳಕ್ಕೆ ಬೇರೆಲ್ಲೂ ಬಾಯಿ ಹಾಕಬೇಕೆನ್ನಿಸಿರಲಿಲ್ಲ. ಸರಿಯಾಗಿ ಪುಟಸಂಖ್ಯೆ ಇರುವ ಮೂಲೆಯನ್ನೇ ಆರಿಸಿ ಆರಿಸಿ ಮೆದ್ದಿತ್ತು. ಮುಂದಿನ ಹಿಂದಿನ ಪುಟ ಎಣಿಸೋಣವೆಂದರೆ ರಟ್ಟೂ ಇಲ್ಲ, ಅರ್ಧ ಪುಸ್ತಕವೂ ಇಲ್ಲ.

ಆ ಲೇಖಕರು ನಿವೃತ್ತರಾಗಿ ಅದೇ ಊರಿನಲ್ಲಿ, ಕಾಲೇಜಿನಿಂದ ದೂರದ ಬಡಾವಣೆಯಲ್ಲಿ ಇದ್ದಾರೆಂದು ಮೇಡಮ್ಮಿಗೆ ಗೊತ್ತಿತ್ತು. ಆದರೆ ಕಾಲೇಜಿನ ವೇಳೆಯಲ್ಲಿ ಗೇಟು ದಾಟಬೇಕಾದರೆ ಪ್ರಿನ್ಸಿಪಾಲರ ಸಹಿ ಬೇಕು.

“ಹೊರಗೆ ಹೋಗಬೇಕಾ? ಹೋಗಿ, ಹೋಗಿ! ಸಂಶೋಧನೆಗೆ ಅಡ್ಡ ಬರೋನಲ್ಲ ನಾನು,” ಎಂದು ಪ್ರಿನ್ಸಿಪಾಲರು ಪೆನ್ನು ತೆಗೆದರು. ಪೆನ್ನು ಚೀಟಿಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ಹದ್ದಿನಂತೆ ನಿಂತಿತು. “ಎಲ್ಲಿ, ಲೇಖನ ನೋಡೋಣ.”

ಓದಿದರು. ಅವರ ವಿಷಯ ಇತಿಹಾಸ. ಮೊದಲ ಪುಟದಲ್ಲೇ ಎಡವಿದರು.

“‘ತೊಟ್ಟಿಗೆ ಅರವತ್ತೆಂಟು ವರ್ಷ ವಯಸ್ಸು’ ಅಂತಿದೆ. ಯಾರು ಹೇಳಿದ್ದು?”

“ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ ಸಾರ್?”

“ಎಲ್ರಿಗೂ ಹೇಗೆ ಗೊತ್ತಾಯ್ತು?” ಪ್ರಿನ್ಸಿಪಾಲರು ಡ್ರಾಯರ್ ಎಳೆದು ತೆಳ್ಳನೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟರು, ಮಗುವನ್ನು ಮಲಗಿಸುವ ಹಾಗೆ. “ಕಾಲೇಜಿನ ಚರಿತ್ರೆ. ನಾನೇ ಬರೆದದ್ದು. ಪುಟ ಹದಿನಾಲ್ಕು, ಕೆಳಗಿನಿಂದ ಮೂರನೇ ಸಾಲು. ಸುಮ್ನೆ ಹೇಳ್ದೆ. ಒತ್ತಾಯ ಏನಿಲ್ಲ.”

ಪೆನ್ನು ಇನ್ನೂ ಗಾಳಿಯಲ್ಲೇ ಇತ್ತು. ಮೇಡಂ ಪುಸ್ತಕ ಕೈಗೆತ್ತಿಕೊಂಡ ಮೇಲೆ ಅದು ಕೆಳಗಿಳಿದು ಸಹಿ ಮಾಡಿತು.

ತೊಟ್ಟಿಯ ವಯಸ್ಸು ಲೇಖನದ ಮೊದಲ ಪುಟದಲ್ಲೇ ಬರುವುದರಿಂದ ಪ್ರಿನ್ಸಿಪಾಲರು ಮೂರನೆಯವರಾದರು. ಅರವತ್ತನಾಲ್ಕು ಅರವತ್ತೈದಾಯಿತು. ಮತ್ತೆ ಎಲ್ಲರೂ ಒಂದೊಂದು ಸೀಟು ಸರಿದರು. ಮೇಡಂ ಲ್ಯಾಬಿನಲ್ಲಿ ಕೂತು ಅಂಕಿಗಳನ್ನು ತಿದ್ದುತ್ತಿದ್ದಾಗ ಹಿಂದಿನಿಂದ ಒಂದು ಆರ್ತನಾದ ಕೇಳಿಸಿತು.

“ಮೇಡಂ, ನಾನು ಏಳಲ್ವಾ? ಇಲ್ಲಿ ಎಂಟು ಅಂತಿದೆ!”

“ಪ್ರಿನ್ಸಿಪಾಲ್ ಸಾರ್ ಮಧ್ಯೆ ಬಂದ್ರು ಸಾರ್. ಅದಕ್ಕೆ...”

“ಬೆಳಿಗ್ಗೆ ಏಳಿದ್ದೆ, ಮಧ್ಯಾಹ್ನಕ್ಕೆ ಎಂಟಾದೆ. ಸಂಜೆಗೆ ಪಟ್ಟೀಲಿ ಇರ್ತೀನಾ? ಇಪ್ಪತ್ತು ವರ್ಷದ ಸರ್ವೀಸು ಮೇಡಂ ನಂದು. ಹೀಗೆ ಹಿಂದೆ ತಳ್ಳಿಸ್ಕೊಂಡಿರಲಿಲ್ಲ!”

ಅವರನ್ನು ಸಮಾಧಾನ ಮಾಡಿ, ಎಂಟೂ ಒಳ್ಳೆಯ ನಂಬರೇ ಎಂದು ನಂಬಿಸಿ, ಮೇಡಂ ಸ್ಕೂಟರ್ ಹತ್ತುವಾಗ ಎರಡು ಗಂಟೆ ದಾಟಿತ್ತು.

ಬಾಗಿಲು ತೆಗೆದವರು ಎಂಬತ್ತನಾಲ್ಕು ವರ್ಷದ ಹಿರಿಯರು. ನೆಟ್ಟಗಿದ್ದರು, ಕಿವಿ ಮಾತ್ರ ಮಂದ.

“ಸಾರ್, ನಿಮ್ಮ ಲೇಖನದ ಪುಟ ಬೇಕಾಗಿತ್ತು.”

“ಬೂಟಾ? ಬೂಟು ಅಲ್ಲೇ ಹೊರಗೆ ಬಿಟ್ಟು ಬಾರಮ್ಮ.”

“ಪುಟ ಸಾರ್, ಪುಟ! ಪಾಚಿ ಬಣ್ಣದ ಮೇಲೆ ನೀವು ಬರೆದಿದ್ರಲ್ಲ, ಆ ಲೇಖನದ ಪುಟಸಂಖ್ಯೆ!”

ಹಿರಿಯರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನೀನು ಅದನ್ನ ಓದಿದೀಯಾ?” ಎಂದು ಕೇಳಿದರು, ತುಂಬ ಮೆಲ್ಲಗೆ.

“ಹನ್ನೊಂದು ಸಲ ಓದಿದೀನಿ ಸಾರ್.”

ಅವರು ಒಳಗೆ ಹೋದರು. ಬಂದಾಗ ತಲೆ ಬಾಚಿಕೊಂಡಿದ್ದರು, ಗುಂಡಿ ಹಾಕಿದ ಕೋಟು ತೊಟ್ಟಿದ್ದರು, ಎದೆಗೆ ಒತ್ತಿಕೊಂಡು ಆ ಹಳೆಯ ಸಂಚಿಕೆ ತಂದಿದ್ದರು. “ನಲವತ್ತು ವರ್ಷ ಆಯ್ತು ಕಣಮ್ಮ ಇದು ಅಚ್ಚಾಗಿ. ಇದರ ಪುಟಸಂಖ್ಯೆ ಕೇಳ್ಕೊಂಡು ಬಂದವಳು ನೀನೇ ಮೊದಲು. ಕೂತ್ಕೋ, ಓದ್ತೀನಿ.”

ಗೋಡೆಯ ಗಡಿಯಾರ ಎರಡೂ ಮೂವತ್ತೈದು ತೋರಿಸುತ್ತಿತ್ತು. ‘ಸಂಖ್ಯೆಯೊಂದು ಹೇಳಿದ್ದರೆ ಸಾಕಿತ್ತು’ ಎಂಬ ಮಾತು ಮೇಡಮ್ಮಿನ ನಾಲಿಗೆಯ ತುದಿಗೆ ಬಂದು ಅಲ್ಲೇ ಕರಗಿತು. ಕೂತರು. ಹಿರಿಯರು ಮೊದಲಿನಿಂದ ಕೊನೆಯವರೆಗೆ, ಅಡಿಟಿಪ್ಪಣಿಯನ್ನೂ ಬಿಡದೆ, ಕಾಮಾ ಬಂದಲ್ಲೆಲ್ಲ ಸರಿಯಾಗಿ ನಿಂತು ಓದಿದರು. ಕಾಮಾಕ್ಕೆ ಹಾಗೆ ನಿಲ್ಲುವ ಇನ್ನೊಬ್ಬ ಮನುಷ್ಯನನ್ನು ಮೇಡಂ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಚಿತ್ರಗಳ ಪುಟ ಬಂದಾಗ ಅವರ ಬೆರಳು ನಿಂತಿತು. “ಇವು ನಾನು ಬರೆದಿದ್ದಲ್ಲ. ನಮ್ಮನೆಯವಳು. ಗೋಡೆ ಮುಂದೆ ಮೊಣಕಾಲೂರಿ ಕೂತು ಎರಡು ವರ್ಷ ಬರೆದಳು. ಹೆಸರು ಹಾಕಿ ಅಂತ ಪತ್ರಿಕೆಯೋರನ್ನ ಕೇಳ್ದೆ. ಚಿತ್ರ ಬರೆದೋರ ಹೆಸರು ಹಾಕೋ ಪದ್ಧತಿ ಇಲ್ಲ ಅಂದ್ರು. ಅವಳೂ ‘ಹೋಗ್ಲಿ ಬಿಡಿ’ ಅಂದ್ಲು. ನಾನು ಬಿಟ್ಟುಬಿಟ್ಟೆ.” ಚಿತ್ರದ ಅಂಚನ್ನು ಬೆರಳಿನಿಂದ ಸವರಿ ಕೇಳಿದರು: “ಈಗ ನಿನ್ನ ಪಟ್ಟೀಲಿ ಅವಳನ್ನೂ ಸೇರಿಸೋಕಾಗತ್ತಾ? ಅವಳು ಹೋಗಿ ಒಂಬತ್ತು ವರ್ಷ ಆಯ್ತು.”

ನಿಯಮಾವಳಿಯ ಆರನೆಯ ಪುಟ ಮೇಡಮ್ಮಿಗೆ ಬಾಯಿಪಾಠವಾಗಿತ್ತು. ಮೂಲದಲ್ಲಿ ಅಚ್ಚಾದ ಹೆಸರಲ್ಲದೆ ಬೇರೆ ಹೆಸರು ಕೂಡದು.

“ನೋಡ್ತೀನಿ ಸಾರ್,” ಎಂದು ಆಕೆಯ ಹೆಸರನ್ನು ಕೇಳಿ ತಿಳಿದುಕೊಂಡರು.

ಪುಟ ನೂರಹನ್ನೆರಡರಿಂದ ನೂರಹತ್ತೊಂಬತ್ತು. ಮೇಡಂ ಅದನ್ನು ಅಂಗೈ ಮೇಲೆ ಬರೆದುಕೊಂಡು, ಎಲ್ಲ ಸಿಗ್ನಲ್ಲುಗಳಲ್ಲೂ ಕೆಂಪುದೀಪವನ್ನೇ ಕಂಡು, ನಾಲ್ಕು ಇಪ್ಪತ್ತಕ್ಕೆ ಲ್ಯಾಬಿಗೆ ಓಡಿ ಬಂದರು. ನಲವತ್ತಮೂರನೆಯ ಸಾಲಿನಲ್ಲಿ ಹಿರಿಯರ ಹೆಸರಿನ ಪಕ್ಕ ಅವರ ಹೆಂಡತಿಯ ಹೆಸರನ್ನು ಟೈಪು ಮಾಡಿದರು. ಎಷ್ಟು ಚೆನ್ನಾಗಿ ಕೂತಿತು ಆ ಹೆಸರು! ಒಂದು ನಿಮಿಷ ನೋಡಿದರು. ಆದರೆ ಕಾಮಾ ಮೇಡಂ ಕಾಮಾ ಮೇಡಮ್ಮೇ. ನಿಯಮ ಮುರಿಯಲು ಬೆರಳು ಬರಲಿಲ್ಲ. ಕಣ್ಣು ಮಂಜಾಗಿದ್ದಾಗಲೇ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಅಳಿಸಿದರು.

“ಬೇಗ ಮೇಡಂ, ನಾಲ್ಕು ನಲವತ್ತು!” ಎಂದು ಎಂಟನೆಯವರು ಎಡಗಡೆಯಿಂದ ಕೂಗಿದರು. “ಗಾಬರಿ ಮಾಡ್ಬೇಡ್ರೀ ಅವರನ್ನ!” ಎಂದು ಮೂರನೆಯವರು ಬಲಗಡೆಯಿಂದ ಅವರಿಗಿಂತ ಜೋರಾಗಿ ಕೂಗಿದರು. ನಾಲ್ಕು ಐವತ್ತೆರಡಕ್ಕೆ ಪಟ್ಟಿ ಹೋಯಿತು. ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

ಐದೂಕಾಲಿಗೆ ಫೋನು ಬಂತು. ಸಂಪಾದಕರೇ. ಪ್ರಿನ್ಸಿಪಾಲರು ಕೈ ಚಾಚಿ ಸ್ಪೀಕರ್ ಒತ್ತಿದರು. ಕಾಲೇಜಿನ ವಿಷಯ ಎಲ್ಲರೂ ಕೇಳಲಿ ಎಂದು.

“ಮೇಡಂ, ಮೂವತ್ತು ವರ್ಷದಿಂದ ಈ ಕುರ್ಚಿಯಲ್ಲಿದೀನಿ,” ಎಂದಿತು ನಡುಗುವ ದನಿ. “ಇಂಥಾ ರೆಫರೆನ್ಸ್ ಪಟ್ಟಿ ಕಂಡಿಲ್ಲ. ನಮ್ಮ ನಿಯಮ ಯಾರಾದ್ರೂ ಪೂರ್ತಿ ಓದ್ತಾರೆ ಅಂತಾನೇ ಗೊತ್ತಿರಲಿಲ್ಲ. ಆಫೀಸಲ್ಲಿ ಎಲ್ರೂ ಎದ್ದು ನಿಂತು ಓದಿದ್ವಿ.”

ಮೇಡಮ್ಮಿನ ಎದೆ ತುಂಬಿ ಬಂತು. ಫಿಸಿಕ್ಸ್ ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು. ಪ್ರಿನ್ಸಿಪಾಲರು ಲ್ಯಾಬಿನ ಗೋಡೆ ಮೇಲಿನ ವಿಜ್ಞಾನಿಗಳ ಫೋಟೋ ಸಾಲಿನಲ್ಲಿ ತಮ್ಮ ಜಾಗ ಹುಡುಕುವವರಂತೆ ಮೇಲೆ ನೋಡಿದರು.

“ಅದಕ್ಕೇ ಒಂದು ತೀರ್ಮಾನ ಮಾಡಿದೀವಿ. ಈ ಪಟ್ಟಿ ಇನ್ನು ಮುಂದೆ ನಮ್ಮ ಪ್ರತಿ ಸಂಚಿಕೆಯ ಕೊನೆಗೂ ಬರತ್ತೆ. ‘ಲೇಖಕರಿಗೆ ಮಾದರಿ’ ಅಂತ. ಒಂದೊಂದು ಕಾಮಾಕ್ಕೂ ಬಾಣ ಹಾಕಿ ವಿವರಣೆ ಕೊಡ್ತೀವಿ.”

“ತುಂಬಾ ಸಂತೋಷ ಸಾರ್! ಮತ್ತೆ ಲೇಖನ?”

“ಅದೊಂದು ಸಣ್ಣ ತೊಡಕು. ನಿಮ್ಮ ಲೇಖನಕ್ಕೆ ಎಂಟು ಪುಟ ಇಟ್ಟಿದ್ವಿ. ಬಾಣ ಎಲ್ಲ ಸೇರಿ ಮಾದರಿ ಪಟ್ಟಿಯೇ ಎಂಟು ಪುಟ ಆಯ್ತು. ಲೇಖನ ಮುಂದಿನ ವರ್ಷ ನೋಡೋಣ.”

ಮೇಡಂ ಕುರ್ಚಿ ಹಿಡಿದುಕೊಂಡರು. “ಪಟ್ಟಿ ಮಾಡಿದ್ದು ನಾನು ಅಂತಾದ್ರೂ...”

“ನಿಯಮಾವಳಿಗೆ ಲೇಖಕರ ಹೆಸರು ಹಾಕೋ ಪದ್ಧತಿ ಇಲ್ವಲ್ಲ ಮೇಡಂ.”

ಪ್ರಿನ್ಸಿಪಾಲರು ಫೋನಿನ ಮೇಲೆ ಬಾಗಿದರು. “ಸಾರ್, ನಾನು ಮೂರನೆಯವನು ಮಾತಾಡ್ತಿರೋದು. ಪಟ್ಟಿ ಒಳಗಿರೋ ಹೆಸರುಗಳು?”

“ಅವು ಇದ್ದ ಹಾಗೇ ಇರ್ತವೆ. ಪ್ರತಿ ವರ್ಷ, ಶಾಶ್ವತವಾಗಿ.”

ಮೂರನೆಯವರೂ ಎಂಟನೆಯವರೂ ಒಬ್ಬರನ್ನೊಬ್ಬರು ನೋಡಿದರು. ಇಪ್ಪತ್ತು ವರ್ಷಗಳಿಂದ ಪರೀಕ್ಷೆಯ ವೇಳಾಪಟ್ಟಿಗಾಗಿ ಕಿತ್ತಾಡಿದ್ದ ಅವರು ಅಂದು ಲ್ಯಾಬಿನ ನಡುವೆ ಅಪ್ಪಿಕೊಂಡರು. “ಮೇಡಂ, ನಿಮ್ಮಿಂದ ಕಾಲೇಜಿಗೆ ಹೆಮ್ಮೆ,” ಎಂದು ಪ್ರಿನ್ಸಿಪಾಲರು ಹೇಳಿದರು. “ನಾಳೆ ನನಗೂ ಇವರಿಗೂ ಒಂದು ಸಣ್ಣ ಸನ್ಮಾನ ಇಟ್ಕೊಳ್ಳೋಣ. ಸ್ವಾಗತ ಭಾಷಣ ನೀವೇ ಮಾಡಬೇಕು.”

ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವಾಗ ಒಳಗೆ ಬೀದಿಯ ಅರ್ಧ ಜನ ಕೂತಿದ್ದು ಕಾಣಿಸಿತು. ಟೈಲರಮ್ಮ ಮಂಡಿಗೆ ಹಚ್ಚಿಕೊಳ್ಳುವ ಔಷಧಿಗೆಂದು ಖಾಲಿ ಡಬ್ಬಿಯನ್ನೇ ತಂದಿದ್ದರು. ಮೇಡಂ ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದು ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದರು. “ಲೇಖನ ಇಲ್ಲ ಅತ್ತೆ. ಪಟ್ಟಿ ಮಾತ್ರ ಅಂತೆ. ಅದರಲ್ಲೂ ನನ್ನ ಹೆಸರಿಲ್ಲ.”

ಅತ್ತೆ ಅರೆಗಳಿಗೆ ಯೋಚಿಸಿದರು. “ಆ ಪಟ್ಟೀಲಿ ನಿಂದು ಅನ್ನೋದು ಏನಿದೆ?”

“ಕಾಮಾ ಮಾತ್ರ.”

“ಕಾಮಾ ಎಲ್ಲಾ ನಿಂದೇ ತಾನೆ? ಮತ್ತೇನೇ ಬೇಕು! ಹೆಸರು ಅಂದ್ರೆ ಊರಿಗೆಲ್ಲ ಇರತ್ತೆ. ಕೊಡಿಲ್ಲಿ ಆ ಕಾಗದ.”

ಅತ್ತೆ ಕನ್ನಡಕ ಏರಿಸಿಕೊಂಡು, ಪಟ್ಟಿಯನ್ನು ಎತ್ತಿ ಹಿಡಿದು ನಡುಮನೆಗೆ ನಡೆದರು. ಮೇಡಂ ಲ್ಯಾಬಿನಲ್ಲಿ ಮುದ್ರಿಸಿ ತಂದಿದ್ದ ಪ್ರತಿ ಅದೊಂದೇ. “ಇದು ಪ್ರತಿ ವರ್ಷ ಅಚ್ಚಾಗತ್ತಂತೆ! ಇದರಲ್ಲಿರೋ ಒಂದೊಂದು ಕಾಮಾನೂ ನಮ್ಮ ಸೊಸೇದು! ನೋಡಿ, ಒಂದು, ಎರಡು, ಮೂರು...” ಎಂದು ಬೆರಳಿಟ್ಟು ಎಣಿಸತೊಡಗಿದರು. ನೆರೆದವರೂ ಜೊತೆಗೂಡಿದರು. ಬಾಗಿಲಲ್ಲಿ ನಿಂತಿದ್ದ ಮೇಡಮ್ಮಿನ ಮುಖದಲ್ಲಿ ಬೇಡಬೇಡವೆಂದರೂ ಒಂದು ನಗು ಮೂಡಿತು. ಇನ್ನೂರು ದಾಟಿತು. ಎಲ್ಲರ ದನಿಯಲ್ಲೂ ಗೌರವ ಏರುತ್ತಾ ಹೋಯಿತು. ಆಗ ಅತ್ತೆಯ ಬೆರಳು ನಿಂತಿತು.

“ಏನೇ, ಈ ನಲವತ್ಮೂರರಲ್ಲಿ ಕಾಮಾ ಎರಡು ಒಟ್ಟಿಗೆ ಇವೆ. ಜೋಡೀನಾ?”

ಮೇಡಂ ಹಾರಿ ಬಂದು ನೋಡಿದರು. ಹಿರಿಯರ ಹೆಸರು, ಇನಿಷಿಯಲ್ಲು, ಕಾಮಾ, ನಡುವೆ ಚೂರು ಖಾಲಿ, ಮತ್ತೊಂದು ಕಾಮಾ. ಹೆಸರನ್ನು ಅಳಿಸಿದ್ದರು, ಅದರ ಬೆನ್ನಿಗಿದ್ದ ಕಾಮಾವನ್ನು ಅಳಿಸಿರಲಿಲ್ಲ. ಇಪ್ಪತ್ತು ವರ್ಷದ ಅಧ್ಯಾಪಕಿಯ ಒಂದೇ ಒಂದು ತಪ್ಪು, ಅದೂ ಪ್ರತಿ ವರ್ಷ ಅಚ್ಚಾಗುವ ಮಾದರಿಯಲ್ಲಿ, ಬಾಣದ ಸಮೇತ! ಕೋಣೆಗೆ ಓಡಿ, ಬಾಗಿಲು ಹಾಕಿಕೊಂಡು ಸಂಪಾದಕರಿಗೆ ಫೋನು ಮಾಡಿದರು.

“ಸಾರ್, ನಲವತ್ಮೂರನೇದರಲ್ಲಿ...”

“ಎರಡು ಕಾಮಾ ಅಲ್ವೇ?” ಎಂದರು ಸಂಪಾದಕರು ಉತ್ಸಾಹದಿಂದ. “ಅದರ ಮೇಲೆ ಅರ್ಧ ಗಂಟೆ ಚರ್ಚೆ ಆಯ್ತು ಮೇಡಂ. ಒಬ್ಬರು ತಪ್ಪು ಅಂದ್ರು. ಕಾಮಾ ವಿಷಯದಲ್ಲಿ ಇವರು ತಪ್ಪೋ ಹೆಂಗಸಲ್ಲ ಅಂತ ನಾನು ಪಟ್ಟು ಹಿಡಿದೆ. ಹಾಗಾದ್ರೆ ಇದೇ ಸರಿ, ಉಳಿದ ಅರವತ್ನಾಲ್ಕು ಕಡೆ ಅವಸರದಲ್ಲಿ ಮರೆತಿದ್ದೀರಿ ಅಂತ ತೀರ್ಮಾನ ಆಯ್ತು. ನಾವೇ ಎಲ್ಲಾ ಕಡೆ ಎರಡೆರಡು ಹಾಕಿದ್ವಿ. ನಿಯಮಾನೂ ತಿದ್ದಿ ಆಯ್ತು. ಅಚ್ಚಿಗೂ ಹೋಯ್ತು.”

ಮೇಡಂ ಬಾಯಿ ತೆರೆದರು. ತಪ್ಪು ಒಪ್ಪಿಕೊಳ್ಳುವ ಮಾತು ಗಂಟಲವರೆಗೆ ಬಂತು. ಇನ್ನು ಮುಂದೆ ಲೋಕದ ಪಾಚಿ ಪಂಡಿತರೆಲ್ಲ ಆ ಹಿರಿಯರ ಹೆಂಡತಿಗಾಗಿ ಒಂದು ಚೂರು ಜಾಗ ಬಿಟ್ಟೇ ಮುಂದೆ ಹೋಗುತ್ತಾರೆ ಎಂದು ಹೊಳೆದು, ಆ ಮಾತು ಅಲ್ಲೇ ನಿಂತಿತು.

“ಇರ್ಲಿ ಬಿಡಿ ಸಾರ್,” ಎಂದರು.

“ಅಂದ ಹಾಗೆ ಮೇಡಂ, ಮುಂದಿನ ವರ್ಷದ ಫೈಲು ನಾಳೆ ಸಂಜೆ ಐದಕ್ಕೆ ಮುಚ್ತೀವಿ. ನಿಮ್ಮ ಲೇಖನದ ರೆಫರೆನ್ಸು ಹಳೇ ಶೈಲೀಲೇ ಇದೆ ನೋಡಿ. ಹೊಸ ನಿಯಮದ ಪ್ರಕಾರ ತಿದ್ದಿ ಕಳಿಸ್ಬೇಕು. ಜೊತೆಗೆ, ಇನ್ನು ಮೇಲೆ ನಮಗೆ ಬರೆಯೋರೆಲ್ಲ ಈ ಮಾದರಿ ಪಟ್ಟೀನ ಒಂದನೇ ರೆಫರೆನ್ಸಾಗಿ ಹಾಕೋದು ಕಡ್ಡಾಯ.”

ಒಂದನೆಯ ಸೀಟಿಗೆ ಹೊಸಬರು! ಅರವತ್ತೈದು ಜನರೂ ಮತ್ತೆ ಎದ್ದು ಸರಿಯುವುದು ಮೇಡಮ್ಮಿನ ಕಣ್ಣಿಗೆ ಕಟ್ಟಿತು. ಒಂಬತ್ತಕ್ಕೆ ಇಳಿದ ಫಿಸಿಕ್ಸ್ ಮೇಷ್ಟ್ರ ಮುಖವೂ ಕಂಡಿತು.

“ಲೇಖಕರ ಹೆಸರಿನ ಜಾಗದಲ್ಲಿ ಏನಂತ ಹಾಕ್ಲಿ ಸಾರ್?” ಎಂದು ಸಣ್ಣ ದನಿಯಲ್ಲಿ ಕೇಳಿದರು.

“‘ಲೇಖಕರಿಲ್ಲ’ ಅಂತ ಹಾಕಿ. ಆಮೇಲೆ ಕಾಮಾ ಎರಡು. ಮರೀಬೇಡಿ.”

ಮೇಡಂ ಫೋನಿಟ್ಟು, ಮೇಜಿನ ಮುಂದೆ ಕೂತು, ಇಪ್ಪತ್ತೆರಡು ಪುಟದ ನಿಯಮಾವಳಿಯನ್ನು ಮತ್ತೆ ಎಡಕ್ಕೆ ಹರವಿಕೊಂಡರು. ನಡುಮನೆಯಿಂದ ಅತ್ತೆಯ ದನಿ ಗೋಡೆ ದಾಟಿ ಬರುತ್ತಿತ್ತು.

“ಒಂದೊಂದು ಕಾಮಾ ಯಾರು ಬೇಕಾದ್ರೂ ಹಾಕ್ತಾರೆ ಕಣ್ರೀ. ಜೋಡಿ ಕಾಮಾ ಹಾಕೋದಕ್ಕೆ ನಮ್ಮ ಸೊಸೇನೇ ಬೇಕು!”